ಹೊಗೆಸೊಪ್ಪಿನಿಂದ ಬಿಡುಗಡೆ: ಒಂದೇ ದಿನದ ಕೆಲಸವಲ್ಲ

ಬೀಡಿ ಉದ್ಯಮವು ಸಾವಿರಾರು ಮನೆಗಳ ಒಲೆ ಉರಿಸಿದ ಊರು ನಮ್ಮ ಮಂಗಳೂರು. ಇದೇ ಊರಿನ ಬಂದರಿನ ಗೋದಾಮುಗಳಲ್ಲಿ, ಬೈಕಂಪಾಡಿಯ ಕಾರ್ಖಾನೆಗಳಲ್ಲಿ ಬೀಡಿ, ಸಿಗರೇಟು ಸೇದುವವರೂ ಎಲೆ-ಅಡಿಕೆಯೊಂದಿಗೆ ಹೊಗೆಸೊಪ್ಪು ಜಗಿಯುವವರೂ ಇದ್ದಾರೆ. ಅವರಲ್ಲಿ ಮಾಲೀಕರೂ ಸೇರಿದ್ದಾರೆ. 2008ರ ಅಕ್ಟೋಬರ್ 2ರಿಂದ ಕೆಲಸದ ಸ್ಥಳಗಳಲ್ಲಿಯೂ ಧೂಮಪಾನ ನಿಷಿದ್ಧವಾಗಿದೆ. ಆದರೆ ಗೋಡೆಯ ಫಲಕವನ್ನು ಓದಿದ ಮಾತ್ರಕ್ಕೆ ಚಟ ಬಿಡುವುದಿಲ್ಲ.

ಇದಕ್ಕೆ ಕಾರಣವನ್ನು ಅಮೆರಿಕದ ಮನೋವಿಜ್ಞಾನಿಗಳಾದ ಪ್ರೊಚಾಸ್ಕಾ ಮತ್ತು ಡಿಕ್ಲೆಮೆಂಟೆ ಅವರು 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಣಬಹುದು. ಸ್ವಪ್ರಯತ್ನದಿಂದ ಧೂಮಪಾನ ತ್ಯಜಿಸಲು ಹೊರಟವರನ್ನು ಗಮನಿಸಿದ ಅವರು, ಬದಲಾವಣೆಯು ಹಂತ ಹಂತವಾಗಿ ನಡೆಯುತ್ತದೆಂದು ಪ್ರತಿಪಾದಿಸಿದರು. ಮುಂದೆ ಇದು ಐದು ಹಂತಗಳ ಮಾದರಿಯಾಗಿ ಪ್ರಸಿದ್ಧವಾಯಿತು.

ಮೊದಲ ಹಂತದಲ್ಲಿರುವವನಿಗೆ ಬಿಡಬೇಕೆಂಬ ಯೋಚನೆಯೇ ಇರುವುದಿಲ್ಲ. ಅವನನ್ನು ಗದರಿಸಿದರೆ ಗೋದಾಮಿನ ಹಿಂಬದಿಗೆ ಹೋಗಿ ಸೇದಿಯಾನು. ಎರಡನೆಯವನು ಆರು ತಿಂಗಳೊಳಗೆ ಬಿಡಬೇಕೆಂದುಕೊಂಡರೂ ಮನಸ್ಸು ತೂಗುಯ್ಯಾಲೆಯಲ್ಲಿರುತ್ತದೆ. ತಿಂಗಳಿಗೆ ಆಗುವ ಖರ್ಚನ್ನು ಅವನೇ ಲೆಕ್ಕ ಹಾಕುವಂತೆ ಮಾಡುವುದು ಉಪದೇಶಕ್ಕಿಂತ ಮೇಲು. ಮೂರನೆಯವನು ಒಂದು ತಿಂಗಳೊಳಗೆ ಬಿಡಲು ಸಿದ್ಧನಾಗಿರುತ್ತಾನೆ. ಅವನಿಗೆ ನಿಶ್ಚಿತ ದಿನಾಂಕವೂ ವೈದ್ಯರ ಸಲಹೆಯೂ ಬೇಕು. ನಾಲ್ಕನೆಯ ಹಂತ ಬಿಟ್ಟ ನಂತರದ ಆರು ತಿಂಗಳು. ನಿಕೋಟಿನ್ ಇಲ್ಲದ ಮೊದಲ ಕೆಲವು ವಾರಗಳಲ್ಲಿ ಸಿಡುಕು, ನಿದ್ರಾಭಂಗ, ಏಕಾಗ್ರತೆಯ ಕೊರತೆ ಸಹಜ. ಚಹಾ ವಿರಾಮದಲ್ಲಿ ಸೇದುವವರ ಸಂಗ ತಪ್ಪಿಸಿದರೂ ದೊಡ್ಡ ಉಪಕಾರವೇ. ಅನಂತರದ್ದು ಐದನೆಯದಾದ ಕಾಪಾಡಿಕೊಳ್ಳುವ ಹಂತ.

ಈ ದಾರಿಯಲ್ಲಿ ಜಾರಿ ಬೀಳುವವರೇ ಹೆಚ್ಚು. ಮದುವೆ ಮನೆಯ ಒಂದು ಬೀಡಿ, ವ್ಯಾಪಾರ ಕುಸಿದ ದಿನದ ಒಂದು ಸಿಗರೇಟು ಅದಕ್ಕೆ ಸಾಕು. ಮರಳಿ ಸೇದಿದವನನ್ನು ಹಂಗಿಸಬಾರದು. ಯಾವ ಸಂದರ್ಭದಲ್ಲಿ ಜಾರಿದನೆಂದು ತಿಳಿದುಕೊಂಡರೆ ಮುಂದಿನ ಪ್ರಯತ್ನಕ್ಕೆ ಅದೇ ಬಂಡವಾಳ.

ಆದರೂ ಈ ಮಾದರಿಯನ್ನು ವೇದವಾಕ್ಯವೆಂದು ತಿಳಿಯಬೇಕಾಗಿಲ್ಲ. ಹಂತಕ್ಕೆ ತಕ್ಕಂತೆ ರೂಪಿಸಿದ ನೆರವು, ಹಾಗೆ ವಿಂಗಡಿಸದೆ ನೀಡಿದ ಅಷ್ಟೇ ನೆರವಿಗಿಂತ ಹೆಚ್ಚು ಫಲ ನೀಡಿಲ್ಲವೆಂದು 2010ರ ಕಾಕ್ರೇನ್ ಪರಾಮರ್ಶೆ ತಿಳಿಸಿತು. ಆದ್ದರಿಂದ 'ಇವನಿನ್ನೂ ಸಿದ್ಧನಿಲ್ಲ' ಎಂದು ಕೈಬಿಡುವುದು ಸಲ್ಲದು. ಯಾರು ಯಾವ ಹಂತದಲ್ಲಿದ್ದಾರೆಂಬ ಅರಿವು ನಮ್ಮ ಮಾತಿಗೆ ಸಂಯಮ ಕೊಡಲಿ. ನೆರವು ಮಾತ್ರ ಎಲ್ಲರಿಗೂ ಸಿಗಲಿ.

ಪ್ರಯತ್ನ ವ್ಯರ್ಥವಲ್ಲವೆಂಬುದಕ್ಕೆ ಅಂಕಿ-ಅಂಶಗಳೇ ಸಾಕ್ಷಿ. ರಾಷ್ಟ್ರೀಯ ಸಮೀಕ್ಷೆಗಳ ಪ್ರಕಾರ, ಕರ್ನಾಟಕದ ವಯಸ್ಕರಲ್ಲಿ ತಂಬಾಕು ಬಳಸುವವರ ಪ್ರಮಾಣ 2009-10ರಲ್ಲಿ ಶೇ. 28.2 ಇದ್ದುದು 2016-17ರಲ್ಲಿ ಶೇ. 22.8ಕ್ಕೆ ಇಳಿಯಿತು. ಕೇಂದ್ರ ಸರಕಾರದ ಉಚಿತ ದೂರವಾಣಿ ಸಹಾಯವಾಣಿ 1800-11-2356 ಇದೆ. ನಿಷೇಧದ ಫಲಕದ ಕೆಳಗೆ ಈ ಸಂಖ್ಯೆಯನ್ನೂ ಬರೆಸುವುದಕ್ಕೆ ತಗಲುವ ವೆಚ್ಚ ಅತ್ಯಲ್ಪ. ಚಟವಿರುವ ಮಾಲೀಕರೇ ಆ ಸಂಖ್ಯೆಗೆ ಮೊದಲ ಕರೆ ಮಾಡಿದರೆ ಕೆಲಸಗಾರರಿಗೂ ಧೈರ್ಯ ಬಂದೀತು.