ನೆಲ ಮುಟ್ಟಿದ ಮೇಲೆ

ಇತಿಹಾಸ ಓದುವ ಬಿ.ಎ. ವಿದ್ಯಾರ್ಥಿಗೆ ವಿಮಾನದ ಗೊಡವೆ ಏಕೆಂದು ಮಿತ್ರರು ನಗಬಹುದು. ಈ ಗೊಡವೆ ನನಗೆ ಅಂಟಿದ್ದು ನಮ್ಮ ತಂದೆಯವರಿಂದ. ಅವರು ಎತ್ತಿನ ಗಾಡಿ ಹೊಡೆಯುವವರು, ಅಕ್ಷರ ಕಲಿತವರಲ್ಲ. ಸಣ್ಣ ವಿಮಾನವೊಂದು ಇಳಿದೊಡನೆ ಗಿರ್ರನೆ ತಿರುಗಿ ರೆಕ್ಕೆ ಮುರಿದುಕೊಂಡಿತೆಂಬ ಸುದ್ದಿಯನ್ನು ಪತ್ರಿಕೆಯಿಂದ ಓದಿ ಹೇಳಿದ್ದೆ. “ಮ್ಯಾಲೆ ಹಾರೋವಾಗ ಸುಮ್ಕಿದ್ದದ್ದು ನೆಲ ಮುಟ್ಟಿದ ಮ್ಯಾಲೆ ಯಾಕ್ಲಾ ತಿರುಗ್ತು?” ಎಂದರು. ಓಡಿಸುವವನ ಅಜಾಗರೂಕತೆ ಎಂದುಬಿಟ್ಟೆ. ಓದಿದ ಮಗನ ಮಾತೆಂದು ಅವರು ಸುಮ್ಮನಾದರು. ಅವರು ಸುಮ್ಮನಾದದ್ದೇ ನನ್ನನ್ನು ಕಾಡಿತು. ಗ್ರಂಥಾಲಯದಲ್ಲಿ ಹುಡುಕಲು ಕುಳಿತೆ.

ಹಳೆಯ ಸಣ್ಣ ವಿಮಾನಗಳಿಗೆ ಮುಂಭಾಗದಲ್ಲಿ ಎರಡು ದೊಡ್ಡ ಗಾಲಿಗಳು, ಬಾಲದಡಿಯಲ್ಲಿ ಒಂದು ಪುಟ್ಟ ಗಾಲಿ. ಬೆಂಗಳೂರಿನಲ್ಲಿ ಡಾ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡು 1951ರ ಆಗಸ್ಟ್ 5ರಂದು ಮೊದಲು ಹಾರಿದ ಎಚ್.ಟಿ.-2 ತರಬೇತಿ ವಿಮಾನವೂ ಇದೇ ಜಾತಿಯದು. ಇಂಥ ವಿಮಾನದ ಗುರುತ್ವಕೇಂದ್ರವು ದೊಡ್ಡ ಗಾಲಿಗಳ ಹಿಂದಿರುತ್ತದೆ. ಗುಟ್ಟೆಲ್ಲ ಇಲ್ಲಿಯೇ ಇದೆ. ಇಳಿದಾಗ ಮೂತಿ ಕೊಂಚ ಓರೆಯಾಯಿತೆನ್ನಿ. ಗಾಲಿಗಳು ನೆಲವನ್ನು ಕಚ್ಚಿ ಓರೆಯ ಕಡೆಗೆ ಹೊರಳುತ್ತವೆ. ಹಿಂದಿನ ಭಾರವಾದರೋ ಮೊದಲಿನ ದಿಕ್ಕಿನಲ್ಲೇ ನುಗ್ಗುತ್ತದೆ. ಓರೆ ಹೆಚ್ಚಿದಷ್ಟೂ ತಿರುಗಿಸುವ ಬಲವೂ ಹೆಚ್ಚುತ್ತದೆ. ಕೊನೆಗೆ ಬಾಲವು ಮೂತಿಯನ್ನೇ ಹಿಂದೆ ಹಾಕಲು ಹೊರಡುತ್ತದೆ. ಹೊರಬದಿಯ ರೆಕ್ಕೆ ವಾಲಿ ನೆಲಕ್ಕೆ ತಾಗುತ್ತದೆ, ಗಾಲಿಯ ಕಾಲು ಮುರಿಯುವುದೂ ಉಂಟು. ಇದಕ್ಕೆ ವೈಮಾನಿಕರು ಗ್ರೌಂಡ್ ಲೂಪ್ ಎನ್ನುತ್ತಾರೆ.

ಇಷ್ಟನ್ನು ಊರಿಗೆ ಹೋದಾಗ ನೆಲದ ಮೇಲೆ ಗೆರೆ ಎಳೆದು ತೋರಿಸಿದೆ. ತಂದೆಯವರು ಪೂರ್ತಿ ಕೇಳಲೇ ಇಲ್ಲ. “ಮೂಕಿ ಹಿಡಿದು ಹಿಂದಕ್ಕೆ ತಳ್ಳೋ ಗಾಡಿ ಅನ್ನು. ಎಳೆದ್ರೆ ಸೀದಾ ಬತ್ತದೆ, ತಳ್ಳಿದ್ರೆ ವಾರೆಯಾಯ್ತದೆ. ಒಂಚೂರು ವಾರೆಯಾದಾಗ್ಲೇ ಸರಿ ಮಾಡ್ಬೇಕು, ಆಮ್ಯಾಕೆ ನಾಕಾಳು ಬಂದ್ರೂ ಆಗಾಕಿಲ್ಲ” ಎಂದರು. ನಾನು ನಾಲ್ಕು ದಿನ ಓದಿದ್ದು ಅಷ್ಟೇ ಆಗಿತ್ತು!

ಓಡಿಸುವವನ ಕಷ್ಟವಾದರೂ ಎಂಥದು? ಮೂತಿ ಮೇಲೆದ್ದಿರುವುದರಿಂದ ನೇರ ಮುಂದಿನ ದಾರಿ ಕಾಣದು, ಅಕ್ಕಪಕ್ಕದ ಅಂಚು ನೋಡಿ ಅಂದಾಜು ಮಾಡಬೇಕು. ಚುಕ್ಕಾಣಿಯು ಗಾಳಿಯ ಬಲದಿಂದ ಕೆಲಸ ಮಾಡುವಂಥದು. ವೇಗ ಇಳಿದಂತೆ ಅದೂ ನಿಶ್ಶಕ್ತವಾಗುತ್ತದೆ. ಅಡ್ಡಗಾಳಿ ಬಾಲದ ಫಲಕವನ್ನು ತಳ್ಳಿ ಮೂತಿಯನ್ನು ತನ್ನತ್ತ ತಿರುಗಿಸುತ್ತದೆ. ಆಗ ಎರಡೂ ಪಾದಗಳಿಂದ ಸಣ್ಣ ಸಣ್ಣ ಒತ್ತು ಕೊಡುತ್ತಲೇ ಇರಬೇಕು. ತಡವಾಗಿ ಗಾಬರಿಯಿಂದ ಜೋರಾಗಿ ಒತ್ತಿದರೆ ವಿಮಾನ ಇನ್ನೊಂದು ಮಗ್ಗುಲಿಗೆ ತಿರುಗಿಬಿಡುತ್ತದೆ.

ನುರಿತವರನ್ನೂ ಇದು ಬಿಟ್ಟಿಲ್ಲ. 1937ರ ಮಾರ್ಚ್ 20ರಂದು ಹವಾಯಿಯ ಲ್ಯೂಕ್ ಫೀಲ್ಡಿನಲ್ಲಿ ಅಮೀಲಿಯಾ ಇಯರ್‌ಹಾರ್ಟ್ ಅವರ ವಿಮಾನ ಹೀಗೆಯೇ ತಿರುಗಿ ಕುಸಿಯಿತು, ಅದೂ ಇಳಿಯುವಾಗಲ್ಲ, ಏರಲು ಓಡುವಾಗ. ಟೈರ್ ಒಡೆದಿತ್ತೋ, ಎಂಜಿನ್‌ಗಳ ನಿರ್ವಹಣೆ ತಪ್ಪಿತೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ವಿಮಾನ ದುರಸ್ತಿಯಾಗುವಷ್ಟರಲ್ಲಿ ಋತು ಬದಲಾಗಿತ್ತು. ಪಶ್ಚಿಮಕ್ಕೆ ಹೊರಟಿದ್ದ ಭೂಪ್ರದಕ್ಷಿಣೆ ಪೂರ್ವಕ್ಕೆ ತಿರುಗಿತು. ಕರಾಚಿ, ಕಲ್ಕತ್ತೆಗಳನ್ನು ದಾಟಿ ಹೋದ ಆಕೆ ಜುಲೈ 2ರಂದು ಪೆಸಿಫಿಕ್ ಸಾಗರದ ಮೇಲೆ ಕಣ್ಮರೆಯಾದರು.

ಮೂರನೆಯ ಗಾಲಿಯನ್ನು ಮೂತಿಯಡಿಗೆ ತಂದು ದೊಡ್ಡ ಗಾಲಿಗಳನ್ನು ಭಾರದ ಹಿಂದಕ್ಕೆ ಸರಿಸಿದರೆ ವಿಮಾನ ಎಳೆದ ಗಾಡಿಯಂತೆ ತಾನೇ ನೇರವಾಗುತ್ತದೆ. ಸೆಸ್ನಾ ಕಂಪೆನಿ ಬಾಲದ ಗಾಲಿಯ 170ರ ಬಳಿಕ 1956ರಲ್ಲಿ ಮಾರಾಟಕ್ಕೆ ತಂದ 172 ಈ ಬಗೆಯದು. ಬಿರುಸಾದ ಅಡ್ಡಗಾಳಿಗೆ ಇದೂ ದಾರಿ ತಪ್ಪಬಹುದು, ಆದರೆ ಅಷ್ಟು ಸುಲಭವಾಗಿ ಅಲ್ಲ.

ನಾನು ಓದಿ ಹೇಳಿದ್ದ ವಿಮಾನದ ಮೂರನೆಯ ಗಾಲಿ ಎಲ್ಲಿತ್ತೆಂದು ಪತ್ರಿಕೆಯಲ್ಲಿ ಬರೆದಿರಲಿಲ್ಲ. ಅಜಾಗರೂಕತೆ ಎಂದ ಮಾತನ್ನು ಮಾತ್ರ ತಂದೆಯವರ ಮುಂದೆ ಹಿಂದೆಗೆದುಕೊಂಡಿದ್ದೇನೆ.