ಗರ್ಭಕೋಶ ತೆಗೆಸಿಕೊಂಡ ಮೇಲೂ ಬಸಿರೆ?

ಶಸ್ತ್ರಚಿಕಿತ್ಸೆಯಿಂದ ಗರ್ಭಕೋಶವನ್ನು ತೆಗೆದುಹಾಕಿದ ಮೇಲೆ ಸ್ತ್ರೀಯು ಬಸಿರಾಗುವ ಮಾತೇ ಇಲ್ಲವೆಂಬುದು ಎಲ್ಲರ ನಂಬಿಕೆ. ಸಾವಿರಾರು ಮಂದಿಯ ವಿಷಯದಲ್ಲಿ ಈ ನಂಬಿಕೆ ನಿಜವೇ ಆಗುತ್ತದೆ. ಆದರೆ ಎಲ್ಲೋ ಒಬ್ಬಳ ವಿಷಯದಲ್ಲಿ ಅದು ಹುಸಿಯಾದಾಗ, ಆ ನಂಬಿಕೆಯೇ ಅವಳ ಪ್ರಾಣಕ್ಕೆ ಎರವಾಗುವುದುಂಟು. ಹೊಟ್ಟೆಯೊಳಗೆ ರಕ್ತ ಸುರಿಯುತ್ತಿದ್ದರೂ ‘ಇದು ವಾಯು, ಇದು ಅಜೀರ್ಣ’ ಎಂದು ಕಾಲ ಕಳೆದುಹೋಗುತ್ತದೆ.

ಇಂತಹ ಪ್ರಸಂಗವನ್ನು ಮೊಟ್ಟಮೊದಲು ವರದಿ ಮಾಡಿದವನು ವೆಂಡೆಲರ್ ಎಂಬ ವೈದ್ಯ, 1895ರಲ್ಲಿ. ಅಂದಿನಿಂದ ಇಂದಿನವರೆಗೆ ಜಗತ್ತಿನ ವೈದ್ಯಪತ್ರಿಕೆಗಳಲ್ಲಿ ದಾಖಲಾಗಿರುವುದು ಕೆಲವು ಹತ್ತುಗಳಷ್ಟು ಪ್ರಸಂಗಗಳು ಮಾತ್ರ. ಆದ್ದರಿಂದ ಇದು ಭಯಪಡಬೇಕಾದ ವಿಷಯವಲ್ಲ, ತಿಳಿದಿರಬೇಕಾದ ವಿಷಯ.

ಹೊರಗೆ ನಿಲ್ಲುವ ಬಸಿರು

ಅಂಡಾಶಯದಿಂದ ಹೊರಬಿದ್ದ ಅಂಡಾಣುವೂ ವೀರ್ಯಾಣುವೂ ಒಂದುಗೂಡುವುದು ಗರ್ಭಕೋಶದಲ್ಲಲ್ಲ, ಅದರ ಎರಡು ಪಕ್ಕಗಳಲ್ಲಿರುವ ಗರ್ಭನಾಳದಲ್ಲಿ. ಅಲ್ಲಿ ಮೊಳೆತ ಭ್ರೂಣವು ನಾಲ್ಕೈದು ದಿನಗಳಲ್ಲಿ ಗರ್ಭಕೋಶವನ್ನು ಸೇರಿ, ಬಳಿಕ ಅಲ್ಲಿ ಬೇರೂರುತ್ತದೆ. ದಾರಿಯಲ್ಲಿ ತಡೆಯುಂಟಾಗಿ ನಾಳದಲ್ಲೇ ಬೇರೂರಿದರೆ ಅದು ಗರ್ಭಕೋಶದ ಹೊರಗಿನ ಬಸಿರು. ವೈದ್ಯರು ಎಕ್ಟೋಪಿಕ್ ಪ್ರೆಗ್ನೆನ್ಸಿ ಎನ್ನುವುದು ಇದನ್ನೇ. ನೂರು ಬಸಿರುಗಳಲ್ಲಿ ಒಂದೆರಡು ಹೀಗಾಗುತ್ತವೆ. ಅವುಗಳಲ್ಲಿ ಶೇಕಡಾ ತೊಂಬತ್ತಕ್ಕೂ ಹೆಚ್ಚು ನಾಳದಲ್ಲೇ ನಿಲ್ಲುತ್ತವೆ. ನಾಳಕ್ಕೆ ಹಿಗ್ಗುವ ಶಕ್ತಿ ಕಡಿಮೆ. ಕೆಲವು ವಾರಗಳಲ್ಲಿ ಅದು ಒಡೆದು ಹೊಟ್ಟೆಯೊಳಗೆ ರಕ್ತಸ್ರಾವವಾಗುತ್ತದೆ.

ಹತ್ತನೆಯ ಶತಮಾನದ ಕಾರ್ಡೋಬಾದ ವೈದ್ಯ ಅಲ್ ಜಹ್ರಾವಿಯೇ ಹೊರಬಸಿರನ್ನು ವರ್ಣಿಸಿದ್ದನು. ಆದರೂ 1883ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಲಾಸನ್ ಟೇಟ್ ಒಡೆದ ನಾಳವನ್ನು ಕಟ್ಟಿ ರೋಗಿಯನ್ನು ಉಳಿಸುವವರೆಗೆ, ನಾಳ ಒಡೆದ ಹೆಂಗಸರು ಬದುಕುಳಿಯುವುದೇ ಅಪರೂಪವಾಗಿತ್ತು.

ಗರ್ಭಕೋಶವಿಲ್ಲದವಳಲ್ಲಿ ಹೇಗೆ?

ಗರ್ಭಕೋಶವನ್ನು ತೆಗೆಯುವ ಹಿಸ್ಟೆರೆಕ್ಟಮಿ ಶಸ್ತ್ರಚಿಕಿತ್ಸೆಯಲ್ಲಿ, ಹರೆಯದ ಹೆಂಗಸರ ಅಂಡಾಶಯಗಳನ್ನು ಸಾಮಾನ್ಯವಾಗಿ ಉಳಿಸುತ್ತಾರೆ. ಅವು ಒದಗಿಸುವ ಹಾರ್ಮೋನುಗಳು ಮೂಳೆಗೂ ಹೃದಯಕ್ಕೂ ಬೇಕು. ಮುಟ್ಟು ನಿಂತಿದ್ದರೂ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಅಂಡಾಣುಗಳು ಬಿಡುಗಡೆಯಾಗುತ್ತಲೇ ಇರುತ್ತವೆ. ಹೀಗಿರುವಲ್ಲಿ ಬಸಿರು ನಿಲ್ಲುವುದು ಎರಡು ಬಗೆಗಳಲ್ಲಿ.

ಮೊದಲನೆಯದು, ಶಸ್ತ್ರಚಿಕಿತ್ಸೆಯ ದಿನವೇ ನಾಳದಲ್ಲಿ ಭ್ರೂಣವೋ ವೀರ್ಯಾಣುವೋ ಇರುವುದು. ವೀರ್ಯಾಣು ಸ್ತ್ರೀಯ ದೇಹದಲ್ಲಿ ಐದು ದಿನಗಳವರೆಗೆ ಜೀವಿಸಬಲ್ಲದು. ಗರ್ಭಕೋಶ ಹೋಯಿತು, ಭ್ರೂಣ ನಾಳದಲ್ಲೇ ಉಳಿಯಿತು. ಕೆಲವು ವಾರಗಳ ಬಳಿಕ ಬರುವ ನೋವನ್ನು ಹೊಲಿಗೆಯ ನೋವೆಂದು ತಿಳಿಯುವುದು ಸುಲಭ. 1979ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಗರ್ಭಕೋಶ ತೆಗೆಸಿಕೊಂಡ ಎಂಟು ತಿಂಗಳ ಮೇಲೆ ಒಬ್ಬ ಮಹಿಳೆ ಜೀವಂತ ಶಿಶುವನ್ನು ಪಡೆದಳು. ಭ್ರೂಣ ಹೊಟ್ಟೆಯೊಳಗೆಯೇ ಬೆಳೆದಿತ್ತು. ಅದೊಂದು ವಿಸ್ಮಯ, ಯಾರೂ ಅದನ್ನು ನೆಚ್ಚಿಕೊಳ್ಳಬಾರದು.

ಎರಡನೆಯದು, ತಿಂಗಳುಗಳು ಅಥವಾ ವರ್ಷಗಳು ಉರುಳಿದ ಮೇಲೆ ಸಂಭವಿಸುವಂಥದು. ಗರ್ಭಕೋಶ ತೆಗೆದ ಮೇಲೆ ಯೋನಿಯ ಮೇಲ್ತುದಿಯನ್ನು ಹೊಲಿದು ಮುಚ್ಚುತ್ತಾರೆ. ಆ ಗಾಯ ಸರಿಯಾಗಿ ಕೂಡದಿದ್ದರೆ, ಕೀವಾದರೆ, ಅಥವಾ ಗರ್ಭನಾಳದ ತುದಿ ಅಲ್ಲಿಗೆ ಜಾರಿ ಅಂಟಿಕೊಂಡರೆ, ಕೂದಲೆಳೆಯಷ್ಟು ದಾರಿ ಉಳಿದುಬಿಡಬಹುದು. ಗರ್ಭಕೋಶದ ಕೊರಳನ್ನು ಮಾತ್ರ ಉಳಿಸುವ ಶಸ್ತ್ರಚಿಕಿತ್ಸೆಯಲ್ಲಿ ಆ ಕೊರಳಿನ ರಂಧ್ರವೇ ದಾರಿಯಾಗಬಹುದು. ವೀರ್ಯಾಣುವಿಗೆ ಅಷ್ಟು ಸಾಕು.

ನಮ್ಮ ದೇಶದಲ್ಲಿ ಇದರ ಮಹತ್ವ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಂತೆ, 15ರಿಂದ 49 ವರ್ಷದೊಳಗಿನ ಭಾರತೀಯ ಹೆಂಗಸರಲ್ಲಿ ನೂರಕ್ಕೆ ಸುಮಾರು ಮೂವರು ಗರ್ಭಕೋಶ ತೆಗೆಸಿಕೊಂಡಿದ್ದಾರೆ. ಆಂಧ್ರ, ತೆಲಂಗಾಣಗಳಲ್ಲಿ ನೂರಕ್ಕೆ ಎಂಟಕ್ಕೂ ಹೆಚ್ಚು. ಅನೇಕರಿಗೆ ನಲವತ್ತು ತುಂಬುವ ಮೊದಲೇ ಈ ಶಸ್ತ್ರಚಿಕಿತ್ಸೆಯಾಗಿದೆ. ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳ ಬಡ ಹೆಂಗಸರಿಗೆ ಅನಗತ್ಯವಾಗಿ ಗರ್ಭಕೋಶ ತೆಗೆಯಲಾಯಿತೆಂಬ ದೂರು 2015–16ರಲ್ಲಿ ಕರ್ನಾಟಕದಲ್ಲಿ ದೊಡ್ಡ ಚರ್ಚೆಯಾಯಿತು. ಇಂತಹುದೇ ವಿಷಯವಾಗಿ ಡಾ. ನರೇಂದ್ರ ಗುಪ್ತಾ 2013ರಲ್ಲಿ ಸಲ್ಲಿಸಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ದೆಹಲಿಯ ಸರ್ವೋಚ್ಚ ನ್ಯಾಯಾಲಯವು 2023ರ ಏಪ್ರಿಲ್ 5ರಂದು ತೀರ್ಪಿತ್ತು, ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳುವಂತೆ ರಾಜ್ಯಗಳಿಗೆ ಆದೇಶಿಸಿತು. ಎಳೆಯ ವಯಸ್ಸಿನಲ್ಲಿ ಗರ್ಭಕೋಶ ಕಳೆದುಕೊಂಡು ಅಂಡಾಶಯ ಉಳಿಸಿಕೊಂಡ ಹೆಂಗಸರೇ ಈ ಅಪರೂಪದ ಅಪಾಯದ ದಾರಿಯಲ್ಲಿರುವವರು.

ಲಕ್ಷಣಗಳೂ ಪರೀಕ್ಷೆಯೂ

ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿ ನೋವು, ಓಕರಿಕೆ, ಯೋನಿಯಿಂದ ಸ್ವಲ್ಪ ರಕ್ತ ಕಾಣುವುದು, ತಲೆಸುತ್ತು, ಬೆವರು, ಬವಳಿ ಇವು ಮುಖ್ಯ ಲಕ್ಷಣಗಳು. ಕೆಲವೊಮ್ಮೆ ಭುಜದ ತುದಿಯಲ್ಲಿ ನೋವು ಬರುತ್ತದೆ. ಹೊಟ್ಟೆಯಲ್ಲಿ ಸೇರಿದ ರಕ್ತವು ವಪೆಯನ್ನು ಕೆಣಕಿದಾಗ, ಅದರ ನರದ ಮೂಲಕ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ. ಮುಟ್ಟು ತಪ್ಪುವುದೆಂಬ ಸೂಚನೆ ಮಾತ್ರ ಇಲ್ಲಿ ದೊರೆಯದು. ರೋಗ ಮರೆಯಾಗುವುದು ಇದರಿಂದಲೇ.

ಪರೀಕ್ಷೆ ಬಹು ಸುಲಭ. ಮೂತ್ರದಲ್ಲಿ ಬಸಿರಿನ ಹಾರ್ಮೋನನ್ನು ಪತ್ತೆಮಾಡುವ ಪಟ್ಟಿಯ ಬೆಲೆ ಅಲ್ಪ, ಕಾಲ ಕೆಲವೇ ನಿಮಿಷ. ಗರ್ಭಕೋಶವಿಲ್ಲವೆಂಬ ಕಾರಣಕ್ಕೆ ಅದನ್ನು ಬಿಡಬಾರದು. ಅದು ಬಸಿರನ್ನು ತೋರಿಸಿದರೆ ರಕ್ತಪರೀಕ್ಷೆ, ಅಲ್ಟ್ರಾಸೌಂಡ್ ನಡೆಯುತ್ತವೆ. ನಾಳ ಒಡೆಯುವ ಮೊದಲೇ ತಿಳಿದರೆ ಕೆಲವರಿಗೆ ಮೆಥೊಟ್ರೆಕ್ಸೇಟ್ ಚುಚ್ಚುಮದ್ದು ಸಾಕಾಗಬಹುದು. ಒಡೆದಿದ್ದರೆ ತಡಮಾಡದೆ ಶಸ್ತ್ರಚಿಕಿತ್ಸೆ ಮಾಡಬೇಕು, ರಕ್ತವನ್ನೂ ಕೊಡಬೇಕಾಗಬಹುದು.

ತಡೆಯುವ ಬಗೆ

ಗರ್ಭಕೋಶ ತೆಗೆಯುವ ದಿನ ಬೆಳಗ್ಗೆ ಬಸಿರಿನ ಪರೀಕ್ಷೆ ಆಗಬೇಕು. ಸಾಧ್ಯವಾದರೆ ಮುಟ್ಟು ಮುಗಿದ ಕೂಡಲೆ, ಅಂಡಾಣು ಬಿಡುಗಡೆಯಾಗುವ ಮೊದಲು ದಿನ ಗೊತ್ತುಮಾಡುವುದು ಒಳ್ಳೆಯದು. ಅಲ್ಲಿಯವರೆಗೆ ಗರ್ಭನಿರೋಧಕ ಕ್ರಮವನ್ನು ಬಿಡಬಾರದು. ಅಂಡಾಶಯಗಳನ್ನು ಉಳಿಸಿ ಗರ್ಭನಾಳಗಳನ್ನೂ ತೆಗೆದರೆ ಈ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ. ಅಂಡಾಶಯದ ಕ್ಯಾನ್ಸರಿನ ಸಂಭವವೂ ಕಡಿಮೆಯಾಗುತ್ತದೆ. ಈ ಮಾತನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ವೈದ್ಯರೊಡನೆ ಚರ್ಚಿಸಬೇಕು.

ದೆಹಲಿಯ ಕನ್ನಡ ಕುಟುಂಬಗಳು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಶಸ್ತ್ರಚಿಕಿತ್ಸೆ ನಡೆದದ್ದು ಹುಬ್ಬಳ್ಳಿಯಲ್ಲೋ ಕಲಬುರಗಿಯಲ್ಲೋ ಆಗಿದ್ದು, ಕಾಗದಪತ್ರ ಊರಿನ ಪೆಟ್ಟಿಗೆಯಲ್ಲೇ ಉಳಿದಿರುವುದುಂಟು. ನಮ್ಮ ಊರುಗಳಲ್ಲಿ ‘ಆಪರೇಷನ್ ಆಗಿದೆ’ ಎಂದರೆ ಸಂತಾನಹರಣ ಚಿಕಿತ್ಸೆಯೂ ಆಗಬಹುದು, ಗರ್ಭಕೋಶ ತೆಗೆದದ್ದೂ ಆಗಬಹುದು. ಇಲ್ಲಿನ ಆಸ್ಪತ್ರೆಯಲ್ಲಿ ‘ಬಚ್ಚೇದಾನಿ’ ಹೋಗಿದೆಯೆಂದು ಹೇಳಿದರಷ್ಟೇ ಸಾಲದು. ಅಂಡಾಶಯ, ನಾಳ, ಕೊರಳು ಇವುಗಳಲ್ಲಿ ಯಾವುದು ಉಳಿದಿದೆಯೆಂದು ತಿಳಿಸಬೇಕು. ಬಿಡುಗಡೆಯ ಚೀಟಿಯ ಪ್ರತಿಯೊಂದನ್ನು ಮನೆಯಲ್ಲಿರಿಸಿಕೊಂಡರೆ ಭಾಷೆ ಬಾರದ ತಾಯಂದಿರ ಪರವಾಗಿ ಆ ಕಾಗದವೇ ಮಾತನಾಡುತ್ತದೆ.

ಹಠಾತ್ತನೆ ಹೊಟ್ಟೆನೋವು ಬಂದು ಬವಳಿ ಬಿದ್ದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ, 112ಕ್ಕೆ ಕರೆಮಾಡಿ ಆಸ್ಪತ್ರೆ ಸೇರಬೇಕು. ಅಂಡಾಶಯ ಉಳಿದಿರುವ ಹೆಂಗಸು ಅಲ್ಲಿ ಬಸಿರಿನ ಪರೀಕ್ಷೆಯನ್ನು ಸಂಕೋಚವಿಲ್ಲದೆ ಕೇಳಬೇಕು. ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ತಿಳಿದರೆ ನಷ್ಟವಾಗುವುದು ಕೆಲವು ನಿಮಿಷ ಮಾತ್ರ. ಇದ್ದುದು ತಿಳಿದರೆ ಉಳಿಯುವುದು ಒಂದು ಜೀವ.