ನಾವೇ ಕಟ್ಟಬಹುದಾದ ಪುಟ್ಟ ರೇಡಿಯೋ ಕೇಂದ್ರ

ರೇಡಿಯೋ ಎಂದೊಡನೆ ಅದು ವಿಜ್ಞಾನದ ವಿದ್ಯಾರ್ಥಿಗಳಿಗೆ ಸೇರಿದ್ದೆಂದು ಬಿ.ಎ. ತರಗತಿಯ ನಾವು ದೂರ ಸರಿಯುವುದು ವಾಡಿಕೆ. ಆದರೆ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ 30 ವಾಟಿನ ಪ್ರೇಷಕ ಯಂತ್ರವನ್ನಿಟ್ಟುಕೊಂಡು ‘ಆಕಾಶವಾಣಿ’ಯನ್ನು ಆರಂಭಿಸಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಇಂಜಿನಿಯರರಲ್ಲ, ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಅವರನ್ನು ನೆನೆದೇ ಈ ವಿಷಯವನ್ನು ಬರೆಯುವ ಧೈರ್ಯ ಮಾಡಿದ್ದೇನೆ.

ಅವರದು ಊರಿಗೆಲ್ಲ ಕೇಳಿಸುವ ಪ್ರಸಾರ. ನಾನು ಹೇಳಹೊರಟಿರುವುದು ಹವ್ಯಾಸಿ ರೇಡಿಯೋ. ಪರವಾನಗಿ ಪಡೆದವರು ತಮ್ಮತಮ್ಮಲ್ಲಿ ಮಾತಾಡುವುದು. ಕೇಳುವ ಯಂತ್ರ, ಹೇಳುವ ಯಂತ್ರ ಎರಡನ್ನೂ ಒಂದರಲ್ಲೇ ಅಡಗಿಸಿದ ಪೆಟ್ಟಿಗೆಗೆ ಟ್ರಾನ್ಸೀವರ್ ಎಂದು ಹೆಸರು. ಪರದೇಶದಿಂದ ಬರುವ ಸಿದ್ಧ ಪೆಟ್ಟಿಗೆಯ ಬೆಲೆಯನ್ನು ನಮ್ಮಂಥ ತೆಂಗಿನ ಒಕ್ಕಲು ಮನೆಯಲ್ಲಿ ಬಾಯಿಬಿಟ್ಟು ಹೇಳುವಂತೆಯೇ ಇಲ್ಲ.

ಈ ತೊಡಕಿಗೆ ಹೈದರಾಬಾದಿನ ಅಶ್ಹರ್ ಫರ್ಹಾನ್ ಎಂಬವರು ಈ ಶತಮಾನದ ಮೊದಲ ದಶಕದಲ್ಲಿ ಒಂದು ದಾರಿ ತೋರಿಸಿದರು. ಅವರ ‘ಬಿಟ್‌ಎಕ್ಸ್’ ಎಂಬ ಯಂತ್ರಕ್ಕೆ ಬೇಕಾದ ಟ್ರಾನ್ಸಿಸ್ಟರುಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸಿಕ್ಕುವ ಸಾಮಾನ್ಯ ಸರಕು. ತಂತಿ ಸುತ್ತಲು ದುಬಾರಿಯ ಬಳೆಗಳ ಬದಲು ನಲ್ಲಿಯ ವಾಷರುಗಳನ್ನೇ ಅವರು ಬಳಸಿದರು! ಅದು ಹೊರಡಿಸುವ ಶಕ್ತಿ ಸುಮಾರು 6 ವಾಟ್.

ಅದರ ಒಳಗಿನ ಕೆಲಸ ಬಹುಮಟ್ಟಿಗೆ ಕೂಡುವ ಕಳೆಯುವ ಲೆಕ್ಕ. ಅವರ ಮೊದಲ ಯಂತ್ರ 20 ಮೀಟರಿನದು; ಅದೇ ಕ್ರಮವನ್ನು 40 ಮೀಟರಿಗೆ ಹೊಂದಿಸಿ ನೋಡೋಣ. ತಂತಿಗೆ ಬಂದ 7.1 ಮೆಗಾಹರ್ಟ್ಸಿನ ಅಲೆಗೆ ಪೆಟ್ಟಿಗೆಯೊಳಗೆ ಹುಟ್ಟಿಸಿದ 2.9 ಮೆಗಾಹರ್ಟ್ಸಿನ ಅಲೆಯನ್ನು ಬೆರೆಸಿದರೆ 10 ಮೆಗಾಹರ್ಟ್ಸ್ ಆಗುತ್ತದೆ. ಮುಂದೆ ನಾಲ್ಕು ಹರಳುಗಳ ಒಂದು ಜರಡಿಯುಂಟು. ಅದು ಮನುಷ್ಯನ ಮಾತಿಗೆ ಬೇಕಾದಷ್ಟೇ ಅಗಲವನ್ನು ಬಿಟ್ಟುಕೊಟ್ಟು ಅಕ್ಕಪಕ್ಕದವರ ಗದ್ದಲವನ್ನು ತಡೆಯುತ್ತದೆ. ಮಾತಾಡುವಾಗ ಇದೇ ದಾರಿಯಲ್ಲಿ ಹಿಂದಿರುಗಿ ನಡೆದರಾಯಿತು: 10ರಿಂದ 2.9 ಕಳೆದರೆ 7.1. ಒಂದೊಂದು ಘಟ್ಟದಲ್ಲಿಯೂ ಎದುರುಬದುರು ಮುಖಮಾಡಿದ ಎರಡು ವರ್ಧಕಗಳಿದ್ದು, ಕೇಳುವಾಗ ಒಂದಕ್ಕೆ, ಹೇಳುವಾಗ ಇನ್ನೊಂದಕ್ಕೆ ವಿದ್ಯುತ್ತು ಕೊಡುತ್ತಾರೆ. ಹೀಗಾಗಿ ಒಂದೇ ಜರಡಿ ಎರಡು ಕೆಲಸಕ್ಕೂ ಸಾಕು. ಈ ಮಿತವ್ಯಯವೇ ನನಗೆ ಅತ್ಯಂತ ಮೆಚ್ಚುಗೆಯಾದದ್ದು.

ಕೇಳುವ ಭಾಗವನ್ನು ಮಾತ್ರ ನಾನು ಕಟ್ಟಿದ್ದೇನೆ. ಹದಗೊಳಿಸಲು ಬೆಲೆಬಾಳುವ ಮಾಪಕಗಳಿರಬೇಕೆಂದೇನೂ ಇಲ್ಲ. ಪುಟ್ಟ ತಿರುಪನ್ನು ಮೆಲ್ಲನೆ ತಿರುಗಿಸುತ್ತ, ಬರಿಯ ಶೂನ್ಯದ ಮೊರೆತ ಎಲ್ಲಿ ಏರುವುದೋ ಅಲ್ಲಿ ನಿಲ್ಲಿಸಬೇಕು. ಅಟ್ಟದ ಮೇಲಿನ ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿ ಒಳಗೆ ಕೊಬ್ಬರಿ ಬಿಟ್ಟಿದೆಯೋ ಇಲ್ಲವೋ ಎಂದು ಹೇಳಬಲ್ಲ ನಮ್ಮ ತಂದೆಯವರಿಗೆ ಇದನ್ನು ತಿಳಿಸಿಕೊಡಲು ನನಗೆ ಅರ್ಧ ನಿಮಿಷ ಹಿಡಿಯಿತು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ.

ಇಷ್ಟು ಕಡಮೆ ಶಕ್ತಿಯಿಂದ ಏನಾದೀತು ಎಂದು ಕೇಳಬಹುದು. ದನಿಯ ಬಲವನ್ನು ಹವ್ಯಾಸಿಗಳು ಒಂದರಿಂದ ಒಂಬತ್ತರವರೆಗೆ ಅಂಕವಿಟ್ಟು ಅಳೆಯುತ್ತಾರೆ. 100 ವಾಟಿನಿಂದ 5 ವಾಟಿಗೆ ಇಳಿದರೂ ಕಳೆದುಕೊಳ್ಳುವುದು ಅದರಲ್ಲಿ ಎರಡು ಅಂಕಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ.

ಶಕ್ತಿಗಿಂತ ಮುಖ್ಯವಾದದ್ದು ಆಂಟೆನಾ. ಅದರಲ್ಲಿ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯವರಾದ ನಾವು ಭಾಗ್ಯವಂತರು. 7.1 ಮೆಗಾಹರ್ಟ್ಸಿಗೆ ಬೇಕಾದ ತಂತಿ ಸುಮಾರು 66 ಅಡಿ. ನಡುವೆ ಕತ್ತರಿಸಿ ಅಲ್ಲಿಂದ ಪೆಟ್ಟಿಗೆಗೆ ಕೇಬಲ್ ಇಳಿಸಬೇಕು. 25 ಅಡಿಗೊಂದರಂತೆ ನೆಟ್ಟ ತೋಟದಲ್ಲಿ ಮೊದಲ ಮರದಿಂದ ನಾಲ್ಕನೆಯದಕ್ಕೆ 75 ಅಡಿ; ಉಳಿದ ಅಂತರಕ್ಕೆ ನೈಲಾನ್ ಹಗ್ಗ. ಸುಳಿಯವರೆಗೆ ಹತ್ತಬೇಕಿಲ್ಲ. 30 ಅಡಿಯಲ್ಲಿ ಕಟ್ಟಿದ ತಂತಿಯ ಅಲೆ ನೆತ್ತಿಯ ಕಡೆಗೇ ಹೆಚ್ಚಾಗಿ ಏರಿ, ಹಗಲಿನಲ್ಲಿ ಅಯಾನಮಂಡಲಕ್ಕೆ ತಾಗಿ, ಕೆಲವು ನೂರು ಮೈಲಿಗಳ ಸುತ್ತಿನಲ್ಲಿ ಇಳಿಯುತ್ತದೆ. ಗಾಳಿಗೆ ಮರ ತೂಗುವುದರಿಂದ ತಂತಿಯನ್ನು ಬಿಗಿಯಬಾರದು. ಕರೆಂಟಿನ ಲೈನಿನ ಹತ್ತಿರ ಎಳೆಯಲೇಕೂಡದು. ಗುಡುಗು ಕೇಳಿದೊಡನೆ ಕೇಬಲನ್ನು ಕಳಚಿ ಹೊರಗಿಡಬೇಕು.

ಪರವಾನಗಿಯಿಲ್ಲದೆ ಮಾತಾಡುವುದು ಅಪರಾಧ. ಕೇಂದ್ರ ಸರ್ಕಾರದವರು ನಡೆಸುವ ಪರೀಕ್ಷೆಯಲ್ಲಿ ರೇಡಿಯೋ ತತ್ತ್ವ, ನಿಯಮಗಳು ಎರಡೂ ಉಂಟು, ಡಿಗ್ರಿ ಬೇಕಿಲ್ಲ. ಈ ವರ್ಷ ಬಿ.ಎ. ಪರೀಕ್ಷೆಯ ಬೆನ್ನಿಗೇ ಅದಕ್ಕೂ ಕೂರಲಿದ್ದೇನೆ. ತೇರ್ಗಡೆಯಾದ ಮೇಲೆಯೇ ಹೇಳುವ ಭಾಗಕ್ಕೆ ಬೆಸುಗೆ. ಆಗಲೂ ವ್ಯಾಪಾರದ ಮಾತು ನಿಷಿದ್ಧವಾದ್ದರಿಂದ, ತಿಪಟೂರು ಮಾರುಕಟ್ಟೆಯ ಕೊಬ್ಬರಿ ಧಾರಣೆಯನ್ನು ರೇಡಿಯೋದಲ್ಲಿ ಕೇಳಿ ತಿಳಿಸೆಂದು ಮನೆಯವರು ಈಗಾಗಲೇ ಇಟ್ಟಿರುವ ಬೇಡಿಕೆಯನ್ನು ನಡೆಸಿಕೊಡಲಾರೆ.